ಹಳೆಯ ಮೋಟಾರ್ ಹೋಮ್‌ನ ಏರ್ ಸಸ್ಪೆನ್ಶನ್: ಕಂಪ್ರೆಸರ್ ಆರೈಕೆ ಮತ್ತು ಬದಲಾವಣೆ

ರಾತ್ರಿ ಸಮನಾಗಿ ನಿಲ್ಲಿಸಿದ್ದ ಮೋಟಾರ್ ಹೋಮ್ (ಮನೆಗಾಡಿ) ಬೆಳಗಾಗುವಷ್ಟರಲ್ಲಿ ಹಿಂದಿನ ಒಂದು ಮೂಲೆಗೆ ಕುಸಿದಿದ್ದರೆ, ಅಥವಾ ಗಾಡಿಯ ಅಡಿಯಲ್ಲಿ ಗಾಳಿ ತುಂಬುವ ಪಂಪ್, ಅಂದರೆ ಕಂಪ್ರೆಸರ್, ಗಂಟೆಗೊಮ್ಮೆ ತಾನಾಗಿ ಓಡುವ ಸದ್ದು ಕೇಳಿಸುತ್ತಿದ್ದರೆ, ಹೆಚ್ಚಿನ ಮಾಲೀಕರು ಹೊಸ ಕಂಪ್ರೆಸರ್ ತರಿಸುವ ಯೋಚನೆಗೆ ಇಳಿಯುತ್ತಾರೆ. ಹಳೆಯ ಪಂಪ್ ಸೋತಿರುವುದು ನಿಜವೇ ಇರಬಹುದು. ಆದರೆ ಅದು ಸೋತದ್ದಕ್ಕೆ ಕಾರಣ ಬಹುಮಟ್ಟಿಗೆ ಪಂಪಿನೊಳಗೆ ಇರುವುದಿಲ್ಲ. ಪೈಪಿನ ಜೋಡಣೆಗಳಲ್ಲಿ, ಟ್ಯಾಂಕಿನ ತಳದ ನೀರಿನಲ್ಲಿ ಮತ್ತು ಸಣ್ಣ ವೈರಿನಲ್ಲಿ ಇರುತ್ತದೆ. ಈ ಮೂರನ್ನು ಸರಿಪಡಿಸದೆ ಹಾಕಿದ ಹೊಸ ಪಂಪ್ ಎಷ್ಟೇ ಬೆಲೆಯದ್ದಾದರೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ದಾವಣಗೆರೆಯ ಹಳೇ ಪಿ.ಬಿ. ರಸ್ತೆಯಲ್ಲಿ ಲಾರಿಗಳ ಏರ್ ಬ್ರೇಕ್ ಕೆಲಸ ಮಾಡುವ ಹಿರಿಯ ಮೇಸ್ತ್ರಿಯೊಬ್ಬರು ಇದನ್ನು ಒಂದೇ ಮಾತಿನಲ್ಲಿ ಹೇಳುತ್ತಾರೆ: "ಮೊದ್ಲು ಗಾಳಿ ಎಲ್ಲಿ ಹೋಗ್ತೈತಿ ನೋಡ್ರಿ ಸರ್, ಆಮೇಲೆ ಪಂಪಿನ ಮಾತು." ಈ ಬರಹವೂ ಅದೇ ಕ್ರಮದಲ್ಲಿ ಸಾಗುತ್ತದೆ.

ವ್ಯವಸ್ಥೆಯ ಪರಿಚಯವನ್ನು ಚುಟುಕಾಗಿ ಮಾಡಿಕೊಳ್ಳೋಣ. ಗ್ಯಾರೇಜಿನಲ್ಲಿ ಬಲೂನ್ ಎಂದು ಕರೆಯುವ ರಬ್ಬರಿನ ಬೆಲ್ಲೋಗಳು ಗಾಳಿಯ ಒತ್ತಡದಿಂದ ಗಾಡಿಯ ಭಾರವನ್ನು ಹೊರುತ್ತವೆ. ಲೆವೆಲಿಂಗ್ ವಾಲ್ವ್ ಚಾಸಿಯ ಎತ್ತರವನ್ನು ಒಂದು ಸಣ್ಣ ಸರಳಿನ ಮೂಲಕ ಗ್ರಹಿಸಿ, ಬೇಕಾದಾಗ ಬೆಲ್ಲೋಗೆ ಗಾಳಿ ಬಿಡುತ್ತದೆ, ಹೆಚ್ಚಾದಾಗ ಹೊರಹಾಕುತ್ತದೆ. ಟ್ಯಾಂಕಿನಲ್ಲಿ ಗಾಳಿಯ ಸಂಗ್ರಹವಿರುತ್ತದೆ. ಅದರ ಒತ್ತಡ ಇಳಿದಾಗ ಪ್ರೆಶರ್ ಸ್ವಿಚ್ ಕಂಪ್ರೆಸರನ್ನು ಓಡಿಸುತ್ತದೆ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿ 1973ರಿಂದ 1978ರವರೆಗೆ ತಯಾರಿಸಿದ ಜಿಎಂಸಿ ಮೋಟಾರ್ ಹೋಮ್‌ನಲ್ಲಿ ಹಿಂದಿನ ಪ್ರತಿ ಬದಿಯ ಎರಡು ಚಕ್ರಗಳ ನಡುವೆ ಒಂದು ಏರ್ ಬ್ಯಾಗ್ ಇಟ್ಟು, ಅದಕ್ಕೆ 12 ವೋಲ್ಟಿನ ವಿದ್ಯುತ್ ಕಂಪ್ರೆಸರಿನಿಂದ ಗಾಳಿ ಕೊಟ್ಟಿದ್ದರು. ನಮ್ಮ ಕಡೆ ಕಾಣುವ ಮನೆಗಾಡಿಗಳು ಹೆಚ್ಚಾಗಿ ಹಳೆಯ ಬಸ್ ಚಾಸಿಯ ಮೇಲೆ ಕಟ್ಟಿದವು. ಅವುಗಳಲ್ಲಿ ಎಂಜಿನ್ ಓಡಿಸುವ ಕಂಪ್ರೆಸರ್ ಮೊದಲಿನಿಂದ ಇರುತ್ತದೆ. ಗಾಡಿ ವಾರಗಟ್ಟಲೆ ನಿಂತಾಗ ಎತ್ತರ ಕಾಯ್ದುಕೊಳ್ಳಲು ವಿದ್ಯುತ್ ಕಂಪ್ರೆಸರನ್ನು ಆಮೇಲೆ ಸೇರಿಸಿರುತ್ತಾರೆ. ಎರಡೂ ಬಗೆಯ ಗಾಡಿಗಳಲ್ಲಿ ಈ ವಿದ್ಯುತ್ ಕಂಪ್ರೆಸರೇ ಬೇಗ ಸೋಲುವ ಅಂಗ.

ಗಾಡಿಯ ಅಡಿಗೆ ಇಳಿಯುವ ಮುನ್ನ

ಗಾಳಿಯ ಬೆಲ್ಲೋ ಮೇಲೆ ನಿಂತಿರುವ ಗಾಡಿಯ ಅಡಿಗೆ ಯಾರೂ, ಎಂಥ ಅವಸರದಲ್ಲೂ, ತಲೆ ಹಾಕಬಾರದು. ಒಂದು ಪೈಪ್ ಕಳಚಿದರೆ ಅಥವಾ ಬೆಲ್ಲೋ ಹರಿದರೆ ಟನ್‌ಗಟ್ಟಲೆ ಭಾರ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗೆ ಬರುತ್ತದೆ, ಹೊರಳಿ ಈಚೆ ಬರಲು ಸಮಯವಿರುವುದಿಲ್ಲ. ನೆಲ ಗಟ್ಟಿಯಾಗಿರುವ ಕಡೆ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಎರಡೂ ಕಡೆ ಮರದ ದಿಮ್ಮಿ ಕೊಟ್ಟು, ಚಾಸಿಯ ಉಕ್ಕಿನ ತೊಲೆಗೆ ಭಾರಕ್ಕೆ ತಕ್ಕ ಸ್ಟ್ಯಾಂಡ್‌ಗಳನ್ನು ಇಟ್ಟು, ಭಾರವು ಸ್ಟ್ಯಾಂಡ್ ಮೇಲೆ ಕೂತಿದೆಯೆಂದು ಖಚಿತವಾದ ಮೇಲೆ ಮಾತ್ರ ಕೆಲಸ ಆರಂಭಿಸಬೇಕು. ಜಾಕ್ ಒಂದೇ ಸಾಲದು. ದಾವಣಗೆರೆ ಸುತ್ತಿನ ಎರೆಮಣ್ಣಿನ ನೆಲವಾದರೆ ಸ್ಟ್ಯಾಂಡಿನ ಕಾಲಿನ ಅಡಿಗೆ ದಪ್ಪ ಹಲಗೆ ಅಥವಾ ಉಕ್ಕಿನ ತಟ್ಟೆ ಹಾಕಬೇಕು. ಮೇಲೆ ಒಣಗಿ ಗಟ್ಟಿಯಾಗಿ ಕಂಡರೂ ಒಳಗೆ ತೇವವಿದ್ದರೆ ಆ ಮಣ್ಣು ಭಾರಕ್ಕೆ ಜಾರುತ್ತದೆ. ಯಾವ ಯೂನಿಯನ್ (ಪೈಪಿನ ಜೋಡಣೆ) ಬಿಚ್ಚುವ ಮೊದಲೂ ಆ ಭಾಗದ ಗಾಳಿಯನ್ನು ಪೂರ್ತಿ ಹೊರಬಿಟ್ಟು, ಗೇಜಿನ ಮುಳ್ಳು ಸೊನ್ನೆಗೆ ಬಂದದ್ದನ್ನು ನೋಡಿಕೊಳ್ಳಬೇಕು. ಕಣ್ಣಿಗೆ ಕನ್ನಡಕವಿರಲಿ.

ಸೋರಿಕೆಯ ಲೆಕ್ಕ

ಸೋರುವ ವ್ಯವಸ್ಥೆಗೆ ದೊಡ್ಡ ಪಂಪ್ ಹಾಕುವುದು ತೂತು ಕೊಡಕ್ಕೆ ನೀರು ಹೊತ್ತಂತೆ. ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 20 ಲೀಟರಿನ ಟ್ಯಾಂಕ್ ಗಂಟೆಗೆ 1 ಬಾರ್, ಅಂದರೆ ಸುಮಾರು 14.5 ಪಿಎಸ್‌ಐ ಒತ್ತಡ ಕಳೆದುಕೊಳ್ಳುತ್ತಿದೆ ಎಂದಿಟ್ಟುಕೊಳ್ಳಿ. ಅದು ಗಂಟೆಗೆ 20 ಲೀಟರ್, ದಿನಕ್ಕೆ 480 ಲೀಟರ್ ಹೊರಗಿನ ಗಾಳಿಗೆ ಸಮ. ಟ್ಯಾಂಕಿನ ಒತ್ತಡದಲ್ಲಿ ನಿಮಿಷಕ್ಕೆ 25 ಲೀಟರ್ ಕೊಡುವ ಪಂಪ್ ಇದನ್ನು ತುಂಬಲು ದಿನಕ್ಕೆ 19 ನಿಮಿಷ ಓಡಬೇಕು. 20 ಆಂಪಿಯರ್ ಎಳೆಯುವ ಪಂಪಾದರೆ ದಿನಕ್ಕೆ 6.4 ಆಂಪಿಯರ್-ಅವರ್, ವಾರಕ್ಕೆ ಸುಮಾರು 45 ಆಂಪಿಯರ್-ಅವರ್ ಖರ್ಚಾಗುತ್ತದೆ. ನೂರು ಆಂಪಿಯರ್-ಅವರ್ ಬ್ಯಾಟರಿಯ ಅರ್ಧದಷ್ಟು ಶಕ್ತಿ, ಗಾಡಿ ಒಂದಡಿಯೂ ಮುಂದೆ ಹೋಗದೆ, ಒಂದು ಸಡಿಲ ನಿಪ್ಪಲ್ ಮೂಲಕ ಹೊರಟುಹೋಗುತ್ತದೆ.

ಸೋರಿಕೆ ಅಳೆಯುವುದು ಹೀಗೆ. ವ್ಯವಸ್ಥೆಯನ್ನು ಪೂರ್ತಿ ಒತ್ತಡಕ್ಕೆ ತುಂಬಿ, ಕಂಪ್ರೆಸರಿನ ಫ್ಯೂಸ್ ತೆಗೆದು, ಗೇಜಿನ ಅಂಕಿಯನ್ನೂ ಸಮಯವನ್ನೂ ಬರೆದಿಡಬೇಕು. ಮರುದಿನ ಅದೇ ಹೊತ್ತಿಗೆ ಮತ್ತೆ ನೋಡಬೇಕು. ಅದೇ ಹೊತ್ತಿಗೆ ಎಂಬುದಕ್ಕೆ ಕಾರಣವಿದೆ: ಬೇಸಿಗೆಯಲ್ಲಿ ಮಧ್ಯಾಹ್ನ 38 ಡಿಗ್ರಿ ಸೆಲ್ಸಿಯಸ್ ಇದ್ದದ್ದು ಬೆಳಗಿನ ಜಾವ 24ಕ್ಕೆ ಇಳಿದರೆ, ಒಂದು ಹನಿ ಗಾಳಿಯೂ ಸೋರದಿದ್ದರೂ 7 ಬಾರ್ ತೋರಿಸುತ್ತಿದ್ದ ಗೇಜ್ ಸುಮಾರು 0.35 ಬಾರ್ ಇಳಿದಿರುತ್ತದೆ. ಇದನ್ನು ಸೋರಿಕೆಯೆಂದು ತಿಳಿದು ಒಳ್ಳೆಯ ಬೆಲ್ಲೋಗಳನ್ನು ಬದಲಾಯಿಸಿದವರಿದ್ದಾರೆ.

ಇಳಿಕೆ ನಿಜವೆಂದು ಗೊತ್ತಾದ ಮೇಲೆ ಸೋಪು ನೀರಿನ ಕೆಲಸ. ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಬೆರೆಸಿ, ಹಳೆಯ ಪೇಂಟ್ ಬ್ರಷ್‌ನಿಂದ ಪ್ರತಿಯೊಂದು ಜೋಡಣೆಗೂ ಧಾರಾಳವಾಗಿ ಹಚ್ಚಬೇಕು. ದೊಡ್ಡ ಸೋರಿಕೆ ತಕ್ಷಣ ಗುಳ್ಳೆ ಎಬ್ಬಿಸುತ್ತದೆ. ಸಣ್ಣ ಸೋರಿಕೆ ಹಾಗಲ್ಲ: ಹಚ್ಚಿ ಒಂದೆರಡು ನಿಮಿಷ ಕಾದು ಟಾರ್ಚ್ ಹಿಡಿದರೆ, ನಟ್ಟಿನ ಒಂದು ಅಂಚಿನಲ್ಲಿ ಸಾಸಿವೆ ಗಾತ್ರದ ಬಿಳಿ ನೊರೆ ಮೆಲ್ಲನೆ ಗುಂಪುಗೂಡಿರುವುದು ಕಾಣುತ್ತದೆ. ರಾತ್ರಿಯಿಡೀ ಗಾಡಿಯನ್ನು ಇಳಿಸುವುದು ಈ ಸಾಸಿವೆ ನೊರೆಯೇ, ಆದ್ದರಿಂದ ಅವಸರಪಡಬಾರದು. ಲೆವೆಲಿಂಗ್ ವಾಲ್ವಿನ ಗಾಳಿ ಹೊರಹೋಗುವ ಬಾಯಿ, ಟ್ಯಾಂಕಿನ ನೀರು ಹೊರಬಿಡುವ ಡ್ರೇನ್ ಕಾಕ್, ಪ್ರೆಶರ್ ಸ್ವಿಚ್‌ನ ಬುಡ, ಪಂಪಿನಿಂದ ಟ್ಯಾಂಕಿನ ಕಡೆಗೆ ಮಾತ್ರ ಗಾಳಿ ಬಿಡುವ ಚೆಕ್ ವಾಲ್ವ್, ಬೆಲ್ಲೋದ ಮೇಲಿನ ಮತ್ತು ಕೆಳಗಿನ ಅಂಚು, ಕೊನೆಗೆ ಬೆಲ್ಲೋದ ಮಡಿಕೆಗಳು, ಇವುಗಳನ್ನು ಬಿಡದೆ ನೋಡಬೇಕು. ಮಡಿಕೆಯಲ್ಲಿ ಬಿರುಕಿನ ಒಳಗೆ ನೂಲಿನ ಪದರ ಕಂಡರೆ ಆ ಬೆಲ್ಲೋ ಮುಗಿದಿದೆ; ತೇಪೆ ಹಾಕುವ ಮಾತು ಬೇಡ.

ಪುಶ್ ಫಿಟಿಂಗ್‌ಗಳಲ್ಲಿ ಸೋರಿಕೆ ಇದ್ದರೆ ನೈಲಾನ್ ಪೈಪಿನ ತುದಿಯನ್ನು ಚೂಪಾದ ಪೈಪ್ ಕಟರಿನಿಂದ ನೇರವಾಗಿ ಕತ್ತರಿಸಿ ಮತ್ತೆ ಕೂರಿಸಿದರೆ ಬಹಳಷ್ಟು ಸಲ ನಿಲ್ಲುತ್ತದೆ. ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದ ತುದಿ ಒಳಗಿನ ಓ-ರಿಂಗ್ ಅನ್ನು ಗೀರುತ್ತದೆ. ಥ್ರೆಡ್ಡಿಗೆ ಟೆಫ್ಲಾನ್ ಟೇಪ್ ಸುತ್ತುವಾಗ ತುದಿಯ ಎರಡು ಎಳೆಗಳನ್ನು ಖಾಲಿ ಬಿಡಬೇಕು, ಇಲ್ಲವಾದರೆ ಟೇಪಿನ ಚೂರು ಕಳಚಿ ಹೋಗಿ ಲೆವೆಲಿಂಗ್ ವಾಲ್ವಿನ ಸೀಟಿನಲ್ಲಿ ಸಿಕ್ಕಿಕೊಂಡು ಹೊಸ ಸೋರಿಕೆಯನ್ನೇ ತಂದಿಡುತ್ತದೆ.

ನೀರು

ಚಿತ್ರದುರ್ಗ, ಚಳ್ಳಕೆರೆಯಂಥ ಮಳೆ ಕಡಿಮೆ ಇರುವ ಊರುಗಳಲ್ಲಿ ಗಾಡಿ ಇಟ್ಟವರು ಗಾಳಿಯಲ್ಲಿನ ತೇವವನ್ನು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ 30 ಡಿಗ್ರಿ ಉಷ್ಣತೆಯ, ಶೇಕಡಾ 60ರಷ್ಟು ಆರ್ದ್ರತೆಯ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 18 ಗ್ರಾಂ ನೀರಿನ ಆವಿ ಇರುತ್ತದೆ. ಆ ಗಾಳಿಯನ್ನು 8 ಬಾರ್‌ಗೆ ಒತ್ತಿ ಮತ್ತೆ 30 ಡಿಗ್ರಿಗೆ ತಣಿಸಿದಾಗ ಅದು ಮೂರೂವರೆ ಗ್ರಾಂಗಿಂತ ಹೆಚ್ಚು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು. ಉಳಿದ 15 ಗ್ರಾಂನಷ್ಟು ನೀರಾಗಿ ಟ್ಯಾಂಕಿಗೆ ಬೀಳುತ್ತದೆ. ಮೇಲೆ ಹೇಳಿದ ಸೋರಿಕೆಯ ಗಾಡಿ ಮುಂಗಾರಿನ ಒಂದು ತಿಂಗಳಲ್ಲಿ ಹೀಗೆ ಒಂದು ಲೋಟ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಸೋರಿಕೆ ನಿಂತರೆ ನೀರೂ ಬಹುಪಾಲು ನಿಲ್ಲುತ್ತದೆ.

ಟ್ಯಾಂಕಿನ ಡ್ರೇನ್ ಕಾಕನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆ, ಉಳಿದ ಕಾಲದಲ್ಲಿ ತಿಂಗಳಿಗೊಮ್ಮೆ ತೆರೆಯಬೇಕು. ಹೊರಬಂದದ್ದನ್ನು ಒಂದು ಬಿಳಿ ಬಟ್ಟೆಯ ಮೇಲೆ ಹಿಡಿದು ನೋಡಿದರೆ ಅದು ತನ್ನ ಕಥೆ ಹೇಳುತ್ತದೆ. ತಿಳಿ ನೀರಾದರೆ ಚಿಂತೆಯಿಲ್ಲ. ಕೆಂಪು ಪುಡಿ ಇದ್ದರೆ ಟ್ಯಾಂಕಿನ ಒಳಗೆ ತುಕ್ಕು ಹಿಡಿದಿದೆ; ಅಂಥ ಟ್ಯಾಂಕಿಗೆ ವೆಲ್ಡಿಂಗ್ ತೇಪೆ ಹಾಕಿಸದೆ ಹೊಸದನ್ನೇ ತರಬೇಕು. ಹಾಲು ಬೆರೆತ ಕಾಫಿಯ ಬಣ್ಣದ ಜಿಡ್ಡು ಬಂದರೆ ಅದು ಎಂಜಿನ್ ಕಂಪ್ರೆಸರಿನ ರಿಂಗುಗಳನ್ನು ದಾಟಿ ಬಂದ ಎಣ್ಣೆ, ಏಕೆಂದರೆ ವಿದ್ಯುತ್ ಕಂಪ್ರೆಸರ್‌ಗಳಲ್ಲಿ ಹೆಚ್ಚಿನವುಗಳಿಗೆ ಎಣ್ಣೆಯೇ ಇರುವುದಿಲ್ಲ. ಎಂಜಿನ್ ಕಂಪ್ರೆಸರಿನ ರಿಪೇರಿಯನ್ನು ನಮ್ಮ ಜಿಲ್ಲೆಯ ಯಾವ ಲಾರಿ ಗ್ಯಾರೇಜಿನಲ್ಲಾದರೂ ಚೆನ್ನಾಗಿ ಮಾಡುತ್ತಾರೆ, ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಗಾಳಿಯ ತೇವ ಹೀರುವ ಡ್ರೈಯರಿನಲ್ಲಿ ಸಿಲಿಕಾ ಜೆಲ್ ಇದ್ದರೆ ಅದರ ಬಣ್ಣ ನೋಡುತ್ತಿರಬೇಕು: ನೀಲಿ ಹರಳುಗಳು ತೇವ ಹೀರಿ ನಸುಗೆಂಪಾಗುತ್ತವೆ, ಕಿತ್ತಳೆ ಹರಳುಗಳು ಹಸಿರಾಗುತ್ತವೆ. ಬಿಸಿಲಿಗೆ ಒಣಗಿಸಿದರೆ ಸಾಲದು. 110ರಿಂದ 120 ಡಿಗ್ರಿಯ ಒವೆನ್‌ನಲ್ಲಿ ಎರಡು ಮೂರು ಗಂಟೆ ಇಟ್ಟರೆ ಮತ್ತೆ ಬಳಕೆಗೆ ಬರುತ್ತವೆ. ನೀಲಿ ಹರಳಿನಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷಕಾರಿಯಾದ್ದರಿಂದ ಅಡುಗೆಗೆ ಬಳಸುವ ಒವೆನ್‌ನಲ್ಲಾಗಲಿ ಪಾತ್ರೆಯಲ್ಲಾಗಲಿ ಅದನ್ನು ಬಿಸಿ ಮಾಡಲೇಬಾರದು. ಕೊಳ್ಳುವಾಗಲೇ ಕಿತ್ತಳೆ ಬಣ್ಣದ್ದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಕಂಪ್ರೆಸರನ್ನು ಬಿಚ್ಚಿ ನೋಡುವುದು

ಮೊದಲು ಗಾಳಿ ಎಳೆಯುವ ಫಿಲ್ಟರ್. ಮೆಕ್ಕೆಜೋಳದ ಒಕ್ಕಣೆಯ ದಿನಗಳಲ್ಲಿ ನಮ್ಮ ಹಳ್ಳಿಗಳ ರಸ್ತೆಗಳಲ್ಲಿ ಹಾರುವ ಹೊಟ್ಟಿನ ಧೂಳು ಬಹಳ ನಯವಾದದ್ದು. ಸ್ಪಂಜಿನ ಫಿಲ್ಟರ್ ಮೇಲೆ ಅದು ಕಂಬಳಿಯ ಹಾಗೆ ಕೂತು ಉಸಿರು ಕಟ್ಟಿಸುತ್ತದೆ. ಸ್ಪಂಜನ್ನು ಸೋಪು ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಬೇಕು, ಕಾಗದದ ಫಿಲ್ಟರನ್ನು ಬದಲಾಯಿಸಬೇಕು. ಒಕ್ಕಣೆ ಮುಗಿದ ಮೇಲೊಮ್ಮೆ, ಮುಂಗಾರಿಗೆ ಮುನ್ನ ಒಮ್ಮೆ ಈ ಕೆಲಸ ತಪ್ಪಬಾರದು.

ಪಂಪ್ ಓಡುತ್ತದೆ, ಆದರೆ ಒತ್ತಡ ಏರುವುದಿಲ್ಲ ಎಂದಾದರೆ ಹೆಡ್ ಬಿಚ್ಚಬೇಕು. ನಾಲ್ಕು ಬೋಲ್ಟ್‌ಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಸಡಿಲಿಸಿ ಹೆಡ್ ಎತ್ತಿದರೆ, ವಾಲ್ವ್ ತಟ್ಟೆಯ ಮೇಲೆ ಬೆರಳುಗುರಿನಷ್ಟು ತೆಳುವಾದ ಸ್ಟೀಲಿನ ಪಟ್ಟಿಗಳು, ಅಂದರೆ ರೀಡ್‌ಗಳು, ಕಾಣುತ್ತವೆ. ಒಂದು ರೀಡ್ ಕೆಳಗೆ ಕೂದಲೆಳೆಯಷ್ಟು ಕಸ ಸಿಕ್ಕಿದ್ದರೂ ಪಂಪ್ ಒತ್ತಿದ ಗಾಳಿ ಹಿಂದಕ್ಕೇ ಬರುತ್ತದೆ. ರೀಡ್ ಅನ್ನು ಬಾಗಿಸದೆ, ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಬೇಕು. ಸಿಲಿಂಡರಿನ ಗೋಡೆಯ ಮೇಲೆ ಬಿಳಿಯ ಅಥವಾ ಬೂದು ಬಣ್ಣದ ನಯವಾದ ಪುಡಿ ಇದ್ದರೆ ಅದು ಪಿಸ್ಟನ್ನಿನ ಟೆಫ್ಲಾನ್ ರಿಂಗ್ ಸವೆದ ಗುರುತು. ರಿಂಗ್ ಕಿಟ್ ಸಿಗುವ ಪಂಪಾದರೆ ಅದನ್ನು ಹಾಕಿದರೆ ಹೊಸದರಂತಾಗುತ್ತದೆ. ಗೋಡೆಯಲ್ಲಿ ಉಗುರಿಗೆ ತಾಕುವಷ್ಟು ಗೀರು ಬಿದ್ದಿದ್ದರೆ ಹೊಸ ರಿಂಗ್ ಹೆಚ್ಚು ದಿನ ಬಾಳುವುದಿಲ್ಲ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ಎಣ್ಣೆಯಿಲ್ಲದ ಈ ಪಂಪುಗಳ ಸಿಲಿಂಡರಿಗೆ ಗ್ರೀಸ್, ಎಂಜಿನ್ ಆಯಿಲ್, ಸ್ಪ್ರೇ ಎಣ್ಣೆ ಯಾವುದನ್ನೂ ಹಾಕಬಾರದು. ಎಣ್ಣೆ ಧೂಳನ್ನು ಹಿಡಿದು ಉಜ್ಜುವ ಪೇಸ್ಟ್ ಆಗುತ್ತದೆ, ಬಿಸಿಗೆ ಸುಟ್ಟು ರೀಡ್ ಮೇಲೆ ಕಪ್ಪು ಪದರವಾಗುತ್ತದೆ.

ಮೋಟಾರಿನ ಕಡೆ ನೋಡಬೇಕಾದದ್ದು ಕಾರ್ಬನ್ ಬ್ರಷ್. ಮೂಲ ಉದ್ದದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಉಳಿದಿದ್ದರೆ ಬದಲಾಯಿಸಬೇಕು. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆ, ಅಂದರೆ ಕಮ್ಯುಟೇಟರ್, ಕಪ್ಪಾಗಿದ್ದರೆ ನಯವಾದ ಸ್ಯಾಂಡ್ ಪೇಪರಿನಿಂದ ಹಗುರವಾಗಿ ಉಜ್ಜಬಹುದು. ಎಮರಿ ಪೇಪರ್ ಬೇಡ, ಅದರ ಕಣಗಳು ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡಬಲ್ಲವು.

ಪಂಪ್ ನಿಂತ ಕೂಡಲೇ ಕೇಳಿಸುವ ಚಿಕ್ಕ "ಪುಸ್ಸ್" ಶಬ್ದಕ್ಕೂ ಕಿವಿ ಕೊಡಬೇಕು. ಅದು ಪಂಪಿಗೂ ಚೆಕ್ ವಾಲ್ವಿಗೂ ನಡುವಿನ ಪೈಪಿನ ಗಾಳಿಯನ್ನು ಅನ್‌ಲೋಡರ್ ಎಂಬ ಸಣ್ಣ ವಾಲ್ವ್ ಹೊರಬಿಡುವ ಶಬ್ದ. ಅದು ಕೇಳಿಸದಿದ್ದರೆ ಮುಂದಿನ ಸಲ ಮೋಟಾರ್ ತುಂಬಿದ ಒತ್ತಡದ ಎದುರಿಗೆ ತಿರುಗಲು ಹೆಣಗುತ್ತದೆ, ಫ್ಯೂಸ್ ಹೋಗುತ್ತದೆ ಅಥವಾ ಸುರುಳಿ ಸುಡುತ್ತದೆ. ಆ ಶಬ್ದ ನಿಲ್ಲದೆ ಮುಂದುವರಿಯುತ್ತಿದ್ದರೆ ಚೆಕ್ ವಾಲ್ವ್ ಹಿಡಿಯುತ್ತಿಲ್ಲ, ಟ್ಯಾಂಕಿನ ಗಾಳಿಯೇ ಹೊರಬರುತ್ತಿದೆ. ಚೆಕ್ ವಾಲ್ವಿನ ಬೆಲೆ ಕಂಪ್ರೆಸರಿನ ಬೆಲೆಯ ಒಂದು ಸಣ್ಣ ಪಾಲು ಮಾತ್ರ.

ಹೊಸ ಕಂಪ್ರೆಸರ್ ಆಯ್ಕೆ

ಸೋರಿಕೆ ನಿಂತು, ನೀರು ಒಣಗಿ, ಆದರೂ ಹಳೆಯ ಪಂಪ್ ಸಾಲದೆಂದು ಕಂಡಾಗ ಬದಲಾವಣೆಯ ಮಾತು. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದಿರುವ ಗರಿಷ್ಠ ಒತ್ತಡವನ್ನು ನೋಡಿ ಕೊಳ್ಳಬಾರದು. ನೋಡಬೇಕಾದದ್ದು ಎರಡು: ನಿಮ್ಮ ಕೆಲಸದ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ಕೊಡುತ್ತದೆ, ಮತ್ತು ಡ್ಯೂಟಿ ಸೈಕಲ್ ಎಷ್ಟು. ಶೇಕಡಾ 33 ಡ್ಯೂಟಿ ಸೈಕಲ್ ಎಂದರೆ 10 ನಿಮಿಷ ಓಡಿದ ಪಂಪಿಗೆ 20 ನಿಮಿಷ ವಿಶ್ರಾಂತಿ ಬೇಕು. ನಮ್ಮ ಏಪ್ರಿಲ್ ಬಿಸಿಲಿನಲ್ಲಿ, ಡಾಂಬರಿನ ಕಾವು ಕೆಳಗಿನಿಂದ ಹೊಡೆಯುವಾಗ, ಬರೆದದ್ದಕ್ಕಿಂತ ಕಡಿಮೆಯನ್ನೇ ನಿರೀಕ್ಷಿಸಬೇಕು.

ಅಗತ್ಯದ ಅಂದಾಜು ಕಷ್ಟವಲ್ಲ. 20 ಲೀಟರಿನ ಟ್ಯಾಂಕನ್ನು 6ರಿಂದ 8 ಬಾರ್‌ಗೆ ಏರಿಸಲು 40 ಲೀಟರ್ ಹೊರಗಾಳಿ ಬೇಕು. ತಲಾ 10 ಲೀಟರಿನ ಎರಡು ಬೆಲ್ಲೋಗಳನ್ನು ಖಾಲಿಯಿಂದ 5 ಬಾರ್‌ಗೆ ತುಂಬಲು ನೂರರಿಂದ ನೂರಿಪ್ಪತ್ತು ಲೀಟರ್. ನಿಮಿಷಕ್ಕೆ 25 ಲೀಟರ್ ಕೊಡುವ ಪಂಪ್ ಈ ಎರಡನ್ನೂ ಆರೇಳು ನಿಮಿಷಗಳಲ್ಲಿ ಮಾಡುತ್ತದೆ, ಅದಕ್ಕಿಂತ ದೊಡ್ಡದು ಹಿಂಬದಿಯಲ್ಲಿ ಮಾತ್ರ ಬೆಲ್ಲೋ ಇರುವ ಗಾಡಿಗೆ ಬೇಕಾಗುವುದಿಲ್ಲ.

ಒಂದು ದೊಡ್ಡ ಪಂಪಿಗಿಂತ ಮಧ್ಯಮ ಗಾತ್ರದ ಎರಡನ್ನು ಜೋಡಿಸುವುದೇ ಹಳೆಯ ಗಾಡಿಗೆ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಎರಡನೆಯದರ ಪ್ರೆಶರ್ ಸ್ವಿಚ್ ಮೊದಲನೆಯದಕ್ಕಿಂತ ಅರ್ಧ ಬಾರ್ ಕೆಳಗೆ ಚಾಲೂ ಆಗುವಂತಿದ್ದರೆ ಅದು ಬೇಡಿಕೆ ಹೆಚ್ಚಾದಾಗ ಮಾತ್ರ ಓಡುತ್ತದೆ. ಮಲೆನಾಡಿನ ದಾರಿಯಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ಊರು ಸೇರಿಸುತ್ತದೆ. ಪ್ರತಿಯೊಂದಕ್ಕೂ ಪ್ರತ್ಯೇಕ ಚೆಕ್ ವಾಲ್ವ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ನಡೆಸುವ ಸ್ವಿಚ್) ಮತ್ತು ಫ್ಯೂಸ್ ಇರಬೇಕು. ಅಗ್ಗವೆಂದು ಹಳೆಯ ಫ್ರಿಜ್ಜಿನ ಕಂಪ್ರೆಸರನ್ನು ಕೂರಿಸುವ ರೂಢಿ ಇದೆ. ಅದು ಗಾಳಿಯ ಜೊತೆ ಎಣ್ಣೆಯನ್ನೂ ಕಳಿಸುತ್ತದೆ, ಆ ಎಣ್ಣೆ ವಾಲ್ವಿನ ಸೀಲುಗಳನ್ನೂ ಬೆಲ್ಲೋದ ರಬ್ಬರನ್ನೂ ಊದಿಸುತ್ತದೆ. ಅದು ಬೇಡ.

ಕೂರಿಸುವುದು ಮತ್ತು ವೈರಿಂಗ್

ಪಂಪನ್ನು ಹಿಂದಿನ ಚಕ್ರದ ಕೆಸರು ಸಿಡಿಯುವ ಜಾಗದಲ್ಲಿ ಹಾಕದೆ, ಗಾಳಿಯಾಡುವ ಪೆಟ್ಟಿಗೆಯಲ್ಲಿ, ರಬ್ಬರ್ ಬುಶ್‌ಗಳ ಮೇಲೆ, ಚಾಸಿಗೆ ಬಿಗಿಯಬೇಕು. ಮಲಗುವ ಜಾಗದ ನೆಲಹಲಗೆಗೆ ಬಿಗಿದರೆ ರಾತ್ರಿ ಇಡೀ ಗಾಡಿಯೇ ಗುಡುಗುತ್ತದೆ. ಫಿಲ್ಟರನ್ನು ಒಂದು ಹೋಸ್ ಮೂಲಕ ಎತ್ತರದ, ಧೂಳಿಲ್ಲದ ಕಡೆಗೆ ಒಯ್ಯಬೇಕು. ಪಂಪಿನಿಂದ ಹೊರಡುವ ಗಾಳಿ ಬಹಳ ಬಿಸಿಯಾಗಿರುವುದರಿಂದ ಮೊದಲ ಒಂದು ಮೀಟರ್ ತಾಮ್ರದ ಪೈಪ್ ಅಥವಾ ಸ್ಟೀಲ್ ಹೆಣಿಗೆಯ ಹೋಸ್ ಇರಲಿ. ನೈಲಾನ್ ಪೈಪ್ ಬಿಸಿಯಲ್ಲಿ ಮೆತ್ತಗಾಗಿ ಕಳಚುತ್ತದೆ. ಗಾಳಿ ತಣ್ಣಗಾದ ಮೇಲೆ ಡ್ರೈಯರ್ ಬರಬೇಕು. ಬಿಸಿ ಗಾಳಿಯಲ್ಲಿ ನೀರು ಇನ್ನೂ ಆವಿಯಾಗಿಯೇ ಇರುವುದರಿಂದ ಪಂಪಿಗೆ ಅಂಟಿಸಿದ ಡ್ರೈಯರ್ ಅರ್ಧ ಕೆಲಸವನ್ನೂ ಮಾಡಲಾರದು. ಟ್ಯಾಂಕಿಗೆ ಅದರ ಮೇಲೆ ಮುದ್ರಿಸಿದ ಒತ್ತಡವನ್ನು ಮೀರದ ಸೇಫ್ಟಿ ವಾಲ್ವ್ ಕಡ್ಡಾಯ.

ವೈರಿನ ದಪ್ಪದಲ್ಲಿ ಉಳಿತಾಯ ಮಾಡಿದರೆ ಮೋಟಾರ್ ಬೆಲೆ ತೆರುತ್ತದೆ. ಬ್ಯಾಟರಿಯಿಂದ 4 ಮೀಟರ್ ದೂರದ, 30 ಆಂಪಿಯರ್ ಎಳೆಯುವ 12 ವೋಲ್ಟಿನ ಪಂಪಿಗೆ ಹೋಗಿಬರುವ ದಾರಿ 8 ಮೀಟರ್. 2.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಆ ದಾರಿಯಲ್ಲೇ ಸುಮಾರು 1.7 ವೋಲ್ಟ್ ಕಳೆದುಹೋಗುತ್ತದೆ, 6 ಚದರ ಮಿಲಿಮೀಟರಿನಲ್ಲಿ 0.7, 10ರಲ್ಲಿ 0.4. ಹತ್ತೂವರೆ ವೋಲ್ಟಿನಲ್ಲಿ ಓಡುವ ಪಂಪ್ ನಿಧಾನವಾಗಿ, ಹೆಚ್ಚು ಹೊತ್ತು, ಹೆಚ್ಚು ಬಿಸಿಯಾಗಿ ಓಡುತ್ತದೆ. ಪಂಪಿನ ಟರ್ಮಿನಲ್‌ನಲ್ಲೇ, ಅದು ಓಡುತ್ತಿರುವಾಗ, ಮಲ್ಟಿಮೀಟರ್ ಹಿಡಿದು ಅಳೆಯಬೇಕು. ನಿಂತ ಪಂಪಿನ ವೋಲ್ಟೇಜ್ ಏನನ್ನೂ ಹೇಳುವುದಿಲ್ಲ. ಹಳೆಯ ಗಾಡಿಯ ತುಕ್ಕು ಹಿಡಿದ ಚಾಸಿಯನ್ನು ಅರ್ಥ್ ಎಂದು ನಂಬದೆ ನೆಗೆಟಿವ್‌ಗೂ ಬ್ಯಾಟರಿಯವರೆಗೆ ವೈರ್ ಎಳೆಯಬೇಕು. ಫ್ಯೂಸ್ ಬ್ಯಾಟರಿಯ ಪಕ್ಕದಲ್ಲಿರಲಿ. ಪ್ರೆಶರ್ ಸ್ವಿಚ್ ರಿಲೇಯನ್ನು ಮಾತ್ರ ನಡೆಸಲಿ, ಮೋಟಾರಿನ ಕರೆಂಟ್ ಅದರ ಮೂಲಕ ಹೋಗುವುದು ಬೇಡ.

ಬಸ್ ಚಾಸಿಯ ಗಾಡಿಗಳು ಸಾಮಾನ್ಯವಾಗಿ 24 ವೋಲ್ಟಿನವು. ಅವುಗಳಲ್ಲಿ 12 ವೋಲ್ಟಿನ ಪಂಪ್ ಹಾಕಿ ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ವೈರ್ ತೆಗೆದರೆ ಆ ಬ್ಯಾಟರಿ ಸದಾ ಹಸಿದಿರುತ್ತದೆ, ಇನ್ನೊಂದು ಮಿತಿಮೀರಿ ಚಾರ್ಜಾಗುತ್ತದೆ, ಕೆಲವೇ ತಿಂಗಳಲ್ಲಿ ಎರಡೂ ಹಾಳಾಗುತ್ತವೆ. 24 ವೋಲ್ಟಿನ ಪಂಪನ್ನೇ ಕೊಳ್ಳಬೇಕು.

ಏರ್ ಬ್ರೇಕ್ ಇರುವ ಗಾಡಿಯಲ್ಲಿ ಬ್ರೇಕಿನ ಟ್ಯಾಂಕಿಗೆ ನೇರವಾಗಿ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಬೆಲ್ಲೋಗೆ ಗಾಳಿ ಒಯ್ಯುವುದು ಜೀವದ ಜೊತೆ ಆಟ. ಬ್ರೇಕಿನ ಒತ್ತಡ ತುಂಬಿದ ಮೇಲೆ ಮಾತ್ರ ತೆರೆಯುವ, ಸಸ್ಪೆನ್ಶನ್ ಕಡೆ ಪೈಪ್ ಒಡೆದರೆ ತಾನೇ ಮುಚ್ಚಿಕೊಳ್ಳುವ ಪ್ರೊಟೆಕ್ಷನ್ ವಾಲ್ವ್ ನಡುವೆ ಇರಲೇಬೇಕು. ಇದನ್ನು ಬ್ರೇಕ್ ಕೆಲಸ ಬಲ್ಲ ಮೇಸ್ತ್ರಿಯಿಂದಲೇ ಮಾಡಿಸಬೇಕು.

ಕೆಲಸ ಮುಗಿದ ಮೇಲೆ ಇನ್ನೊಂದು ಸಣ್ಣ ಜೋಡಣೆ ಮಾಡಿಕೊಳ್ಳಿ. ಪ್ರತಿ ಬೆಲ್ಲೋದ ಪೈಪಿಗೆ, ಲೆವೆಲಿಂಗ್ ವಾಲ್ವಿನ ನಂತರ, ಒಂದು ಬಾಲ್ ವಾಲ್ವ್ ಮತ್ತು ಬೆಲ್ಲೋ ಕಡೆಗೆ ಟೈರಿನಲ್ಲಿರುವಂಥದ್ದೇ ಒಂದು ಗಾಳಿ ವಾಲ್ವನ್ನು ಟೀ ಮೂಲಕ ಸೇರಿಸಿ, ಅದರ ಬಾಯಿ ಚಕ್ರದ ಕಮಾನಿನ ಹೊರಗೆ ಕೈಗೆ ಸಿಗುವಂತೆ ಇಡಬೇಕು. ಹಿರಿಯೂರು ದಾಟಿದ ಮೇಲೆ ಹೆದ್ದಾರಿಯಲ್ಲಿ ಎರಡೂ ಪಂಪುಗಳು ನಿಂತರೂ, ಬಾಲ್ ವಾಲ್ವ್ ಮುಚ್ಚಿ, ದಾರಿಬದಿಯ ಯಾವುದೇ ಪಂಕ್ಚರ್ ಅಂಗಡಿಯಲ್ಲಿ ಬೆಲ್ಲೋಗೆ ಗಾಳಿ ಹೊಡೆಸಿಕೊಂಡು ನಿಧಾನವಾಗಿ ಮನೆ ಸೇರಬಹುದು. ಗಾಡಿ ಪ್ರಯಾಣದ ಭಾರದಲ್ಲಿ ಸರಿಯಾದ ಎತ್ತರಕ್ಕೆ ನಿಂತಾಗ ಪ್ರತಿ ಬೆಲ್ಲೋದಲ್ಲಿ ಎಷ್ಟು ಒತ್ತಡವಿತ್ತೆಂಬುದನ್ನು ಈ ವಾಲ್ವ್‌ಗಳಲ್ಲೇ ಗೇಜ್ ಹಿಡಿದು ಅಳೆದು, ಎಡ ಬಲ ಎಂದು ಗುರುತಿಸಿ, ಡ್ರೈವರ್ ಬಾಗಿಲಿನ ಒಳಬದಿಗೆ ಪೇಂಟಿನಲ್ಲಿ ಬರೆದಿಡಿ. ಗಾಳಿ ಹೊಡೆಯುವ ಹುಡುಗನಿಗೆ ಹೇಳಬೇಕಾದ ಅಂಕಿ ಅದೇ.